ಗಿಟಾರನ್ನು ಸುಮ್ಮನಿರಿಸಿದ ಅಕ್ಕ

ಬೆಳಗಿನ ಐದೂವರೆ. ರೆಕಾರ್ಡಿಂಗ್ ಸ್ಟುಡಿಯೋದ ನೆಲದ ತುಂಬ ನಿನ್ನೆಯ ಕೇಬಲ್‌ಗಳು. ಎಲ್ಲರೂ ‘ಅಕ್ಕ’ ಎಂದೇ ಕರೆಯುವ ನಲವತ್ತೇಳರ ಹೆಂಗಸು ಒಂದೊಂದನ್ನೇ ಸುತ್ತಿ ಮೊಳೆಗೆ ತೂಗುಹಾಕುತ್ತಿದ್ದಾರೆ. ದಿನಕ್ಕೆ ಮೂವತ್ತೆಂಟು ಕೇಬಲ್, ಹದಿನಾರು ಮೈಕ್, ಹತ್ತು ತಾಸು ಕಿವಿಗೆ ಹೆಡ್‌ಫೋನ್. “ಕೇಬಲ್ ತಿರುಚಿದ್ರೆ ಒಳಗಿನ ತಂತಿ ಮುರಿಯುತ್ತೆ. ಆಮೇಲೆ ಹಾಡಲ್ಲಿ ಗೊರಗೊರ, ನನಗೆ ಬೈಗುಳ,” ಎನ್ನುತ್ತಾರೆ.

ಇಪ್ಪತ್ತೊಂದನೇ ವಯಸ್ಸಿಗೆ ಇಲ್ಲಿ ನೆಲ ಒರೆಸಲು ಸೇರಿದವರು. ಹಳೆಯ ರೆಕಾರ್ಡಿಸ್ಟ್‌ಗೆ ಕಣ್ಣು ಮಂಜಾದಾಗ ಯಂತ್ರದ ಅಂಕಿಗಳನ್ನು ಓದಿ ಹೇಳುತ್ತಲೇ ಕೆಲಸ ಕಲಿತರು. ಅವರು ನಿವೃತ್ತರಾದ ಮೇಲೆ ಕುರ್ಚಿಯೇನೋ ಇವರಿಗೆ ಬಂತು. ಒರೆಸುವ ಬಟ್ಟೆಯನ್ನು ಮಾತ್ರ ಯಾರೂ ವಾಪಸ್ ಕೇಳಲಿಲ್ಲ.

ಎರಡು ವರ್ಷದ ಹಿಂದೆ ನಾಲ್ವರ ತಂಡವೊಂದು ಮೂರನೆಯ ಆಲ್ಬಂ ಮಾಡಲು ಬಂತು. ಮೊದಲಿನ ಎರಡನ್ನು ಕೇಳಿದವರಿಲ್ಲ. ಇದೂ ನೆಲಕಚ್ಚಿದರೆ ತಂಡ ಮುಚ್ಚುವುದೆಂದು ಮಾತಾಗಿತ್ತು. ತಗ್ಗು ಸ್ವರದ ಬೇಸ್ ಗಿಟಾರ್ ನುಡಿಸುವವನಿಗೆ ತಾಳದ ನಡುವೆ ಜಾಗ ಬಿಟ್ಟು ತೂಗುವ ರೆಗ್ಗೆ ಬೇಕು. ಗಾಯಕನಿಗೆ ತನ್ನ ಗಿಟಾರು ಮೊರೆಯುವ ಆಲ್ಟರ್ನೇಟಿವ್ ರಾಕ್ ಬೇಕು. ಎತ್ತು ಏರಿಗೆ, ಕೋಣ ನೀರಿಗೆ. ಒಂಬತ್ತನೆಯ ದಿನ ಇಬ್ಬರೂ ಮಾತು ಬಿಟ್ಟರು.

ಅದುವರೆಗೆ ಯಾರ ಹಾಡಿಗೂ ಅಕ್ಕ ತಾವಾಗಿ ಕೈ ಹಾಕಿದವರಲ್ಲ. ಮಾರನೆಯ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು, ರೆಕಾರ್ಡಾಗಿದ್ದ ಒಂದು ಹಾಡಿನ ಚರಣಗಳಲ್ಲಿ ಗಾಯಕನ ಗಿಟಾರನ್ನು ಪೂರ್ತಿ ನಿಲ್ಲಿಸಿ, ಪಲ್ಲವಿಯಲ್ಲಿ ಮಾತ್ರ ಒಮ್ಮೆಲೇ ಬಿಟ್ಟರು. ತಂಡಕ್ಕೆ ಕೇಳಿಸಿದರು.

“ನನ್ನ ಗಿಟಾರು ಎಲ್ಲಿ ಹೋಯ್ತು?” ಗಾಯಕ ಕೆಂಡವಾದ.

“ಎಲ್ಲೂ ಹೋಗಿಲ್ಲಪ್ಪ. ಹಾಡಲ್ಲಿ ಇಬ್ಬರೂ ಒಟ್ಟಿಗೆ ಮಾತಾಡ್ತಿದ್ರಿ, ಒಬ್ಬರದ್ದೂ ಕೇಳ್ತಿರಲಿಲ್ಲ. ಬೇಡ ಅಂದ್ರೆ ಹೇಳು, ಮೊದಲಿನ ಹಾಗೇ ಇಡ್ತೀನಿ.”

ಅವನು ಬಾಗಿಲು ಬಡಿದು ಹೋದ. “ಕೆಲಸ ಹೋಯ್ತು ಅಂದ್ಕೊಂಡೆ,” ಎಂದು ಅಕ್ಕ ನೆನೆಯುತ್ತಾರೆ. ಮಧ್ಯಾಹ್ನ ಮೂರಕ್ಕೆ ಗಾಯಕ ವಾಪಸ್ ಬಂದ. ಯಾರ ಮುಖವನ್ನೂ ನೋಡದೆ, “ಉಳಿದ ಹಾಡುಗಳನ್ನೂ ಹೀಗೇ ಮಾಡೋಣ,” ಎಂದ.

ಆ ಆಲ್ಬಂ ಈಗ ಕ್ಷೌರದಂಗಡಿಯಲ್ಲೂ ಕೇಳಿಸುತ್ತದೆ. ನಾಲ್ವರು ಊರೂರು ಸುತ್ತುತ್ತಿದ್ದಾರೆ. ಆಲ್ಬಂನ ಹೊದಿಕೆಯ ಮೇಲೆ ಅಕ್ಕನ ಹೆಸರಿಲ್ಲ. ಕೊನೆಯ ಸಾಲಿನಲ್ಲಿ ‘ಮತ್ತು ಸ್ಟುಡಿಯೋ ಸಿಬ್ಬಂದಿ’ ಎಂದಿದೆ. ಬೇಸರವಿಲ್ಲವೇ ಎಂದರೆ ನಗುತ್ತಾರೆ. “ಮೊದಲ ದಿನ ಆಯ್ತು. ಆಮೇಲೆ ಲೆಕ್ಕ ಹಾಕಿದೆ, ಸಿಬ್ಬಂದಿ ಅಂದ್ರೆ ಇಲ್ಲಿ ನಾನೊಬ್ಬಳೇ ತಾನೆ.”

ಗಂಡ ಸಿಟಿ ಬಸ್ ಓಡಿಸುತ್ತಾರೆ, ಮಾತು ಕಡಿಮೆ. ಕಳೆದ ತಿಂಗಳು ಅಕ್ಕ ಅದೇ ಬಸ್ಸಿನಲ್ಲಿ ಹೋಗುವಾಗ ರೇಡಿಯೋದಲ್ಲಿ ಆ ಹಾಡು ಬಂತಂತೆ. “ಇದು ನನ್ನ ಹೆಂಡ್ತಿ ಮಾಡಿದ್ದು ಅಂತ ಯಾರಿಗೂ ಹೇಳಲಿಲ್ಲ, ನನ್ನ ಕಡೆ ತಿರುಗಿಯೂ ನೋಡಲಿಲ್ಲ. ವಾಲ್ಯೂಮ್ ಮಾತ್ರ ಜಾಸ್ತಿ ಮಾಡಿದ್ರು.”