ದಂದಕ್ಕಿಯ ಬಾಗಿಲಿಗೆ ಕಟ್ಟಿದ ರಿಬ್ಬನ್

ಠಣ್... ಕಬ್ಬಿಣದ ಬಳೆ ಕಲ್ಲಿಗೆ ಬಡಿಯುವ ಸದ್ದು. ಎತ್ತು ಕುತ್ತಿಗೆ ಕೊಡವಿದಾಗ ಒಮ್ಮೆ, ಮೇವಿಗೆ ಬಾಯಿ ಹಾಕಿದಾಗ ಇನ್ನೊಮ್ಮೆ. ಮದುವೆಯಾಗಿ ಜಮಖಂಡಿಗೆ ಬಂದ ಹೊಸತರಲ್ಲಿ ನನಗೆ ಬೆಳಗಾಗುತ್ತಿದ್ದುದೇ ಎದುರುಮನೆಯ ವಾಡೆಯಿಂದ ಬರುತ್ತಿದ್ದ ಆ ಸದ್ದಿನಿಂದ. ಬೆಳಗಾವಿಯ ಕಾನ್ವೆಂಟಿನಲ್ಲಿ ಸಿಸ್ಟರ್ ಹೊಡೆಯುವ ಬೆಲ್ಲಿಗೆ ಏಳುವುದು ರೂಢಿಯಾಗಿದ್ದವಳಿಗೆ ಅದೇನೂ ಅಷ್ಟು ಅಪರಿಚಿತ ಅನ್ನಿಸಲಿಲ್ಲ.

ಮೊನ್ನೆ ಅದೇ ಸದ್ದು ಮತ್ತೆ ಕೇಳಿತು. ಮೊಣಕಾಲಿನ ಫಿಸಿಯೋಥೆರಪಿಗೆ ಹೋಗಿದ್ದೆ. ಕ್ಲಿನಿಕ್ ಇರುವುದು ಅದೇ ವಾಡೆಯಲ್ಲಿ, ಎತ್ತು ಕಟ್ಟುತ್ತಿದ್ದ ಅದೇ ದಂದಕ್ಕಿಯಲ್ಲಿ. ಥೆರಪಿ ಮಾಡಿಸುವ ಹುಡುಗಿ, ಗೋಡೆಗುಂಟ ಇರುವ, ದನಕ್ಕೆ ಮೇವು ಹಾಕುವ ಕಲ್ಲಿನ ಗ್ವಾದಲಿಯ ಬಳೆಗೆ ರಬ್ಬರ್ ಬ್ಯಾಂಡ್ ಸಿಕ್ಕಿಸಿ, ಇನ್ನೊಂದು ತುದಿಯನ್ನು ನನ್ನ ಕಾಲಿಗೆ ಹಾಕಿದಳು.

“ಅಜ್ಜೀ, ಜಗ್ಗ್ರಿ... ಹಾಂ, ಈಗ ಬಿಡ್ರಿ.”

ಬಿಟ್ಟೆ. ಠಣ್ ಅಂದಿತು.

“ಇದು ಎತ್ತು ಕಟ್ಟೂ ಬಳಿ, ಗೊತ್ತೈತೇನವಾ?” ಅಂದೆ.

“ಗೊತ್ತೈತ್ರೀ ಅಜ್ಜಿ. ಅದಕ್ಕ ನಿಮ್ಮನ್ನ ಕಟ್ಟೇನಿ. ಎಷ್ಟಾರ ಜಗ್ಗ್ರಿ, ಕಿತ್ತು ಬರಂಗಿಲ್ಲ.”

ಸ್ಮಾರ್ಟ್ ಗರ್ಲ್. ನಗು ಬಂತು, ನಗುವಿನ ಹಿಂದೆಯೇ ವಾಡೆಯ ಗೌಡ್ತಿ ನೆನಪಾದರು...

ನಮ್ಮ ಕಡೆಯ ಹಳೆಯ ಒಕ್ಕಲುತನದ ಮನೆಗಳನ್ನು ನೋಡದವರಿಗೆ ಇಷ್ಟು ಹೇಳಬೇಕು. ಬೀದಿಗೆ ದೊಡ್ಡ ತಲಬಾಗಿಲು, ಒಳಗೆ ಬಂದರೆ ತೆರೆದ ಅಂಗಳ. ಬೀದಿಯ ಬದಿಗೆ ದನ ಕಟ್ಟುವ ದಂದಕ್ಕಿ. ಅದಕ್ಕೆ ಎದುರಾಗಿ, ಎತ್ತರದ ಕಟ್ಟೆಯ ಮೇಲೆ ಮನುಷ್ಯರ ಪಡಸಾಲೆ. ಉಣ್ಣುವಾಗ ಎತ್ತು ನಮ್ಮನ್ನು ನೋಡಬೇಕು, ನಾವು ಎತ್ತನ್ನು ನೋಡಬೇಕು. ಫೇಸ್ ಟು ಫೇಸ್.

ಗೌಡ್ತಿ ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡಿದ್ದರು. ಮಕ್ಕಳಿರಲಿಲ್ಲ. ಆದರೆ ಅವರನ್ನು ಕಂಡು ಅಯ್ಯೋ ಅನ್ನುವ ಧೈರ್ಯ ಓಣಿಯಲ್ಲಿ ಯಾರಿಗೂ ಇರಲಿಲ್ಲ. ತಲೆಯ ಮೇಲೆ ಸೆರಗು, ಬಾಯಲ್ಲಿ ಎಲೆಅಡಿಕೆ, ಕಣ್ಣಲ್ಲಿ ಸದಾ ಒಂದು ಚೇಷ್ಟೆ. ನನ್ನನ್ನು “ಇಂಗ್ಲಿಷ್ ಸೊಸಿ” ಎಂದೇ ಕರೆಯುತ್ತಿದ್ದರು. ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತ ನಾನು ಹಳೆಯ ಕಾನ್ವೆಂಟ್ ಹಾಡು ಗುನುಗಿದರೆ, “ಏನ್ ಬೇ, ಯೇಸು ಎದ್ದನೇನು?” ಎಂದು ಮಾಳಿಗೆಯ ಮೇಲಿಂದ ಕೂಗುವರು.

ಆಮೇಲೆ ಟ್ರ್ಯಾಕ್ಟರ್ ಬಂತು. ಉಳಿದ ಒಂದೆರಡು ಎತ್ತುಗಳನ್ನೂ ಅವರ ಮೈದುನ ತೋಟಕ್ಕೆ ಹೊಡೆದುಕೊಂಡು ಹೋದರು. ದಂದಕ್ಕಿ ಬರಿದಾಯಿತು. ಮೈದುನನದು ಒಂದೇ ಹಟ: ಅದನ್ನು ಒಡೆದು ಬೀದಿಗೆ ಮುಖ ಮಾಡಿ ಸಾಲು ಮಳಿಗೆ ಕಟ್ಟಬೇಕು, ಅಂಗಳದಲ್ಲಿ ಗೋಡೌನ್ ಎಬ್ಬಿಸಬೇಕು. ಗೌಡ್ತಿಗೆ ಹಿಂದಿನ ಎರಡು ಖೋಲಿ ಬಿಟ್ಟುಕೊಟ್ಟರೆ ಸಾಕಲ್ಲ, ಒಬ್ಬ ಹೆಂಗಸಿಗೆ?

“ಅಂಗಳ ಹ್ವಾದ ಮ್ಯಾಲ ಅದು ಮನಿ ಅಲ್ಲ ಬೇ, ಕಪಾಟು,” ಎಂದಿದ್ದರು ನನಗೆ. “ನಾನೇನು ಹಳೇ ಸೀರೀನು, ಮಡಚಿ ಒಳಗಿಡಾಕ?”

ಊರ ಹಿರಿಯರು ಕೂತು ಮಾತಾಡಿದರು. ಮೈದುನನ ವಾದಕ್ಕೆ ತೂಕವಿತ್ತು. ಕಾರಹುಣ್ಣಿಮೆಯ ದಿನ ಕೋಡಿಗೆ ಬಣ್ಣ ಬಳಿದ ಒಂದು ಎತ್ತೂ ನಿಲ್ಲದ ದಂದಕ್ಕಿ ಹಾಳುಬಿದ್ದ ಹಾಗೆಯೇ, ಅದನ್ನು ಇಟ್ಟುಕೊಳ್ಳುವುದು ಮನೆತನಕ್ಕೆ ಶ್ರೇಯಸ್ಸಲ್ಲ ಅನ್ನುವುದು ಹಿರಿಯರಿಗೂ ಒಪ್ಪಿಗೆಯೇ. ಕೊನೆಗೆ ಒಂದು ಮಾತಾಯಿತು. ಬರುವ ಕಾರಹುಣ್ಣಿಮೆಯೊಳಗೆ ದಂದಕ್ಕಿಗೆ ಜೀವ ಬಂದರೆ ಇರಲಿ; ಇಲ್ಲವಾದರೆ ಒಡೆಯಲಿ.

ಮರುದಿನವೇ ಗೌಡ್ತಿ ನಮ್ಮ ಅಡುಗೆಮನೆಗೆ ಬಂದು ಕೂತರು. “ನೋಡ್, ನಿನ್ನ ಇಂಗ್ಲಿಷ್ ಮೂಲ್ಯಾಗ ಕುಂತು ಧೂಳ ತಿನ್ನಾಕತ್ತೈತಿ. ನನ್ನ ದಂದಕ್ಕೀನೂ ತಿನ್ನಾಕತ್ತೈತಿ. ಎರಡನ್ನೂ ಕೂಡಿಸಿ ಒಂದು ಸಾಲಿ ಮಾಡೂಣು. ಸಣ್ಣ ಹುಡುಗೂರ ಸಾಲಿ.”

ನನ್ನ ಅತ್ತೆ ಬಾಯಿ ತೆರೆಯುವ ಮೊದಲೇ ಅವರೇ ಹೇಳಿದರು, “ನಿಮ್ಮ ಸೊಸಿ ಬೀದಿ ದಾಟಿದ್ರ ಜಾತಿ ಕೆಡಂಗಿಲ್ರಿ. ಸಗಣಿ ವಾಸ್ನಿ ಬಂದೀತು ಅಷ್ಟ. ತೊಳಕೊಂಡ್ರ ಹೋಗ್ತೈತಿ.”

ಆ ಬೇಸಿಗೆಯಷ್ಟು ಖುಷಿಯಾಗಿ ನಾನು ಎಂದೂ ಕೆಲಸ ಮಾಡಿಲ್ಲ. ನೆಲ ತೊಳೆಸಿ, ಗೋಡೆಗೆ ಸುಣ್ಣ ಹೊಡೆಸಿದೆವು. ಒಂದು ಕಾಲದ ಹೊಗೆಯಿಂದ ಕಪ್ಪಾಗಿದ್ದ ತೇಗದ ಕಂಬಗಳಿಗೆ ಎಣ್ಣೆ ಒರೆಸಿದೆವು. ಗ್ವಾದಲಿಗಳನ್ನು ಕಿತ್ತುಹಾಕಿ ಬೆಂಚು ಹಾಕಿಸಬೇಕೆಂದು ನನ್ನ ವಾದ. ಒಂದು ಸ್ಕೂಲ್ ಅಂದಮೇಲೆ ಡಿಗ್ನಿಟಿ ಬೇಡವೇ? ಗೌಡ್ತಿ ಒಪ್ಪಲಿಲ್ಲ. ಬಡಿಗನನ್ನು ಕರೆಸಿ ಗ್ವಾದಲಿಯ ಮೇಲೆ ಹಲಗೆ ಹೊದಿಸಿದರು. ಮಗು ಮುಂದೆ ಕೂತರೆ ಹಲಗೆ ಸರಿಯಾಗಿ ಎದೆಮಟ್ಟಕ್ಕೆ; ಹಲಗೆ ಎತ್ತಿದರೆ ಒಳಗೆ ಪಾಟಿ, ಪುಸ್ತಕ, ಊಟದ ಡಬ್ಬಿ. ಐ ಮಸ್ಟ್ ಸೇ, ಅಷ್ಟು ಚಂದದ ಡೆಸ್ಕು ನಮ್ಮ ಕಾನ್ವೆಂಟಿನಲ್ಲೂ ಇರಲಿಲ್ಲ. “ಮೇಯೂದು ಇಲ್ಲೇ, ಕಲಿಯೂದೂ ಇಲ್ಲೇ,” ಎಂದು ಗೌಡ್ತಿ ನಕ್ಕರು.

ಓಪನಿಂಗ್ ಇಟ್ಟುಕೊಂಡಿದ್ದು ಕಾರಹುಣ್ಣಿಮೆಯ ಸಂಜೆಗೇ. ಶಿಕ್ಷಣ ಇಲಾಖೆಯ ಅಧಿಕಾರಿಯೊಬ್ಬರನ್ನು ಕರೆದಿದ್ದೆವು. ಫಂಕ್ಷನ್ ಹೇಗೆ ನಡೆಯಬೇಕು ಅನ್ನುವುದು ಮಾತ್ರ ನನ್ನ ಡಿಪಾರ್ಟ್‌ಮೆಂಟು. ತಲಬಾಗಿಲಿನ ಎರಡು ಮೊಳೆಗಳ ನಡುವೆ ಕೆಂಪು ಸ್ಯಾಟಿನ್ ರಿಬ್ಬನ್ ಎಳೆದು ಕಟ್ಟಿದೆ. ತಟ್ಟೆಯಲ್ಲಿ ಕತ್ತರಿ, ಕತ್ತರಿಯ ಸುತ್ತ ಸೇವಂತಿಗೆ. ಬೀದಿಯಲ್ಲಿ ಮಕ್ಕಳ ಗುಂಪು, ಹಿಂದೆ ಹಿರಿಯರು. ಗೌಡ್ತಿ ಆ ಕಾಲದ ಪದ್ಧತಿಯಂತೆ ಮುಂದೆ ಬರದೆ, ಬಾಗಿಲ ಒಳಗೆ ಕಂಬದ ಮರೆಗೆ ನಿಂತಿದ್ದರು.

ಮೈದುನ ಬಂದವರೇ ಒಳಗಿದ್ದ ಅತ್ತಿಗೆಯ ಕಡೆ ಇಣುಕಿದರು. “ವೈನಿ, ಸಾಲಿ ಗೀಲಿ ಎಲ್ಲಾ ಛಲೋ ಐತ್ರಿ. ಆದ್ರ ಇವತ್ತ ಕಾರಹುಣ್ಣಿವಿ. ಒಂದ್ ಎತ್ತಿಲ್ಲ, ಒಂದ್ ಗೆಜ್ಜಿ ಸಪ್ಪಳಿಲ್ಲ. ಹಿರೇರ, ನೀವ ಹೇಳ್ರಿ, ಹಲಗಿಗೆ ಜೀವ ಅಂತೀರೇನು?”

ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಧಿಕಾರಿ ಕತ್ತರಿ ಎತ್ತಿಕೊಂಡರು...

ಇಲ್ಲಿ ಕಾರಹುಣ್ಣಿಮೆಯ ಸಂಜೆ ಏನು ನಡೆಯುತ್ತದೆ ಎಂದು ಹೇಳಬೇಕು. ಊರ ಅಗಸಿಬಾಗಿಲಿಗೆ ಅಡ್ಡಲಾಗಿ ಬೇವಿನ ಸೊಪ್ಪಿನ ಹಗ್ಗ ಕಟ್ಟುತ್ತಾರೆ. ಅದಕ್ಕೆ ಕರಿ ಅನ್ನುತ್ತಾರೆ. ಎತ್ತುಗಳನ್ನು ಓಡಿಸಿ ಅದನ್ನು ಹರಿಸುತ್ತಾರೆ. ಮೊದಲು ಹರಿದ ಎತ್ತಿನ ಬಣ್ಣ ನೋಡಿ ಆ ವರ್ಷದ ಬೆಳೆ ಹೇಳುತ್ತಾರೆ: ಬಿಳಿ ಎತ್ತಾದರೆ ಬಿಳಿಜೋಳ ಚೆನ್ನಾಗಿ ಬಂತು, ಕೆಂದೆತ್ತಾದರೆ ಕೆಂಪು ಬೆಳೆ. ಓಣಿಯ ಮಕ್ಕಳು ಹುಟ್ಟಿದಾಗಿನಿಂದ ಅದನ್ನೇ ನೋಡಿದವು. ಇನಾಗರೇಶನ್ನಿನ ರಿಬ್ಬನ್ ಅವೆಲ್ಲಿ ನೋಡಬೇಕು? ಕಾರಹುಣ್ಣಿಮೆ, ಸಂಜೆ, ಬಾಗಿಲಿಗೆ ಅಡ್ಡ ಕಟ್ಟಿದ ಒಂದು ಪಟ್ಟಿ. ಯಾವುದೋ ಮಗು “ಹೋ...” ಎಂದಿತು. ಇಡೀ ಗುಂಪು ನುಗ್ಗಿತು! ರಿಬ್ಬನ್ ಗಂಟು ಸಮೇತ ಕಿತ್ತುಬಂತು. ಮಕ್ಕಳು ಅಂಗಳದಿಂದ ಸೀದಾ ದಂದಕ್ಕಿಗೆ ಹೊಕ್ಕು ಗ್ವಾದಲಿಗಳ ಮುಂದೆ ಹೋಗಿ ನಿಂತವು. ಮುಂದಿದ್ದವಳು ಕ್ಷೌರದಂಗಡಿಯವನ ಮಗಳು, ಉಟ್ಟದ್ದು ಹಸಿರು ಪರಕಾರ, ಕೊರಳಲ್ಲಿ ನನ್ನ ಸ್ಯಾಟಿನ್ ರಿಬ್ಬನ್.

ಮೈ ಗಾಡ್... ನಾನು ಕಣ್ಣು ಮುಚ್ಚಿಕೊಂಡೆ.

ಕೇಳಿಸಿದ್ದು ಹಿರಿಯರಲ್ಲಿ ಒಬ್ಬರ ಕೂಗು. “ಕರಿ ಹರೀತಲೇ!”

“ಯಾರ ಮೊದಲ? ಬಣ್ಣಾ ಯಾವ್ದು?”

“ಹಸರ! ಹಸರ ಪರಕಾರ!”

“ಹಸರಂದ್ರ ಮತ್ತೇನು? ಕಬ್ಬು!”

ಬೀದಿಯೆಲ್ಲ ಮೈದುನನ ಕಡೆ ತಿರುಗಿತು. ಆ ವರ್ಷ ಇದ್ದ ಹೊಲಕ್ಕೆಲ್ಲ ಕಬ್ಬು ಹಚ್ಚಿದವರು ಅವರು. ಆಗ ಗೌಡ್ತಿ ಕಂಬದ ಮರೆಯಿಂದ ಹೊರಗೆ ಬಂದರು. ಎಲ್ಲರೆದುರು, ಬಾಗಿಲ ನಡುವೆಯೇ.

“ತಮ್ಮಾ, ಇದು ಕರಿ ಅಲ್ಲ ಅಂದ್ರ ಕಬ್ಬೂ ಅಲ್ಲ. ಕರಿ ಅಂದ್ರ ದಂದಕ್ಯಾಗ ಜೀವ ಬಂತು. ಯಾವ್ದಂತೀ, ನೀನ ಹೇಳು.”

ಮೈದುನ ಗ್ವಾದಲಿಗಳ ಮುಂದೆ ನಿಂತ ಮಕ್ಕಳನ್ನು ನೋಡಿದರು. ಆಮೇಲೆ, ಯಾರಿಗೋ ಹೇಳಿದ ಹಾಗೆ, “ಹುಡುಗೂರಿಗೆ ಬೆಲ್ಲ ಕೊಡ್ರಿ,” ಎಂದರು. ಹಿರಿಯರು ಅಷ್ಟು ಸಾಕೆಂದು ಹೊರಟರು. ಕತ್ತರಿ ಹಿಡಿದು ನಿಂತೇ ಇದ್ದ ಅಧಿಕಾರಿ, ಇದನ್ನೇನು ಮಾಡಲಿ ಎಂದು ನನ್ನನ್ನು ಕೇಳಿದರು. ಉತ್ತರ ಗೌಡ್ತಿಯದು: “ಕೊಡ್ರಿ ಸಾಹೇಬ್ರ. ಈ ಎತ್ತುಗಳ ಉಗುರು ಬೆಳದಾವು.”

ಆ ವರ್ಷ ಕಬ್ಬು ಹೇಗೆ ಬಂತೋ, ನನಗೆ ನೆನಪಿಲ್ಲ. ಮಳಿಗೆಯ ಮಾತು ಮಾತ್ರ ಮತ್ತೆ ಏಳಲಿಲ್ಲ.

ಶಾಲೆ ಬೆಳೆಯಿತು, ಊರ ಹೊರಗೆ ಸ್ವಂತ ಕಟ್ಟಡ ಕಂಡಿತು. ನಾನು ಅತ್ತುಬಿಟ್ಟೆ, ಗೌಡ್ತಿ ಅಳಲಿಲ್ಲ. ದಂದಕ್ಕಿಗೆ ಹೊಲಿಗೆ ಕ್ಲಾಸು ಬಂತು. ರಬಕವಿ, ಬನಹಟ್ಟಿಯ ಮಗ್ಗದ ಮನೆಗಳ ಹುಡುಗಿಯರೂ ಬಸ್ಸು ಹತ್ತಿ ಬರುತ್ತಿದ್ದರು. ಬಾಡಿಗೆಗೆ ಬಂದವರಿಗೆಲ್ಲ ಗೌಡ್ತಿಯದು ಒಂದೇ ಕಂಡಿಷನ್: “ಒಳಗ ಏನಾರ ಮಾಡ್ರಿ, ಗ್ವಾಡಿಗೆ ಕೈ ಹಚ್ಚಬ್ಯಾಡ್ರಿ.” ಈಗ ಊರೂರಿನಲ್ಲಿ ವಾಡೆ ಕೆಡವಿ ಕಾಂಪ್ಲೆಕ್ಸ್ ಕಟ್ಟುವವರು, ಇಲ್ಲವೇ ಉಳಿಸುತ್ತೇವೆಂದು ಬೀಗ ಹಾಕಿ ಇಡುವವರು, ಇಬ್ಬರನ್ನೂ ನೋಡಿದ್ದೇನೆ. ಹಳೆಯ ಮನೆ ಉಳಿಯುವುದು ಅದರೊಳಗೆ ದಿನಾ ಯಾರಾದರೂ ಗದ್ದಲ ಮಾಡಿದರೆ ಮಾತ್ರ. ಇದು ನನಗೆ ಖಾತ್ರಿ. ಮೊನ್ನೆ ಅಲ್ಲಿ ಗದ್ದಲ ಮಾಡಿದ್ದು ನನ್ನ ಮೊಣಕಾಲು, ಅಷ್ಟೇ. ಆದರೆ ಮಾಳಿಗೆಯ ಮೇಲಿಂದ ನನ್ನನ್ನು ಕೆಣಕುವವರು ಇಲ್ಲ... ಆ ಜಾಗ ಯಾವ ಬಾಡಿಗೆದಾರರಿಂದಲೂ ತುಂಬುವುದಿಲ್ಲ.

ನಾನು ಅವರನ್ನು ಕೊನೆಯ ಬಾರಿ ಕಂಡದ್ದು ಹೊಲಿಗೆ ಕ್ಲಾಸಿನ ಕಾಲದಲ್ಲಿ. ಮಗಳ ಬಾಣಂತನಕ್ಕೆ ಪುಣೆಗೆ ಹೊರಟಿದ್ದೆ. ರಿಕ್ಷಾ ಬೀದಿಯಲ್ಲಿ ನಿಂತಿತ್ತು. ಹೇಳಿಹೋಗೋಣವೆಂದು ಒಳಗೆ ಬಂದೆ. ಅಂಗಳದ ಬಿಸಿಲಿನಲ್ಲಿ ಗೌಡ್ತಿ ಎರಡೂ ಕೈ ಚಾಚಿ ನಿಂತಿದ್ದಾರೆ. ಸುತ್ತ ಟೇಪು ಹಿಡಿದ ಹುಡುಗಿಯರು. ಕುಬಸದ ಅಳತೆ ಕಲಿಯಲಿಕ್ಕೆ ಅವರಿಗೆ ಸಿಕ್ಕಿದ್ದು ಇವರೇ.

“ಸಡ್ಲ ಹಿಡೀರೇ. ಬರೂ ವರ್ಷಕ್ಕ ದಪ್ಪ ಆಗಾಕಿ ಅದೇನಿ,” ಎಂದು ಅವರನ್ನು ಗದರಿ, ನನ್ನ ಕಡೆ ತಿರುಗಿದರು. “ಹೊಂಟಿಯೇನ್ ಬೇ? ಮೊಮ್ಮಗಳಿಗೆ ಮೊದಲ ಕನ್ನಡ ಕಲಸು. ಇಂಗ್ಲಿಷ್ ನಾ ಕಲಸ್ತೀನಿ.”

ಬಾಗಿಲಿನಲ್ಲಿ ನಿಂತು ನಾನು ಕೈ ಬೀಸಿದೆ. ಅಳತೆ ಕೆಟ್ಟೀತೆಂದು ಅವರು ಕೈ ಆಡಿಸಲಿಲ್ಲ. ಚಾಚಿದ ಕೈ ಚಾಚಿಕೊಂಡೇ, ಗದ್ದ ಎತ್ತಿ, ಹೋಗು ಎಂದರು.