ಆಯಿಯ ‘ಹೂಂ’

ಇವತ್ತು ಬೆಳಿಗ್ಗೆ ಎಂದಿನಂತೆ ರೊಟ್ಟಿ ಬಡಿದಾದ ಮೇಲೆ, ಹಂಚು ಬಿಸಿ ಇರುವಾಗಲೇ ಚಟ್ನಿಗೆಂದು ಶೇಂಗಾ ಹುರಿಯಲು ಹಾಕಿದೆ. ಸಿಪ್ಪೆ ಸಿಡಿದು ಕಮ್ಮನೆಯ ವಾಸನೆ ಹಿತ್ತಲಿಗೆ ಹೋದದ್ದೇ ತಡ, ನನ್ನ ಬಾಯಿಂದ ತಾನಾಗಿ ‘ಹೂಂ’ ಬಂತು. ಯಾರೂ ಏನೂ ಹೇಳಿರಲಿಲ್ಲ...

ಈ ವಾಸನೆ ಬಂದರೆ ಪಕ್ಕದ ಮನೆಯ ಅಜ್ಜಿ, ಓಣಿಗೆಲ್ಲ ಆಯಿ, ಹಿತ್ತಲ ಗೋಡೆಯ ಆಚೆಯಿಂದ ಮಾತು ಶುರು ಮಾಡುತ್ತಿದ್ದರು.

ನಾನು ಮದುವೆಯಾಗಿ ಬೈಲಹೊಂಗಲಕ್ಕೆ ಬಂದ ಹೊಸದು. ಹಿರಿಯರು ಮಾತು ಮುಗಿಸುವ ತನಕ ಬಾಯಿ ಮುಚ್ಚಿ ಕೇಳಬೇಕೆಂದು ಕಾನ್ವೆಂಟಿನ ಸಿಸ್ಟರುಗಳು ಕಲಿಸಿದ್ದರು, ಹಾಗೇ ಕೇಳುತ್ತಿದ್ದೆ. ಅತ್ತೆಗೆ ಅದು ಸೊಕ್ಕಾಗಿ ಕಂಡಿತು. ಮೂರು ತಿಂಗಳಲ್ಲಿ ನನ್ನೊಡನೆ ಮಾತೇ ಬಿಟ್ಟರು. ಹೇಳುವುದನ್ನೆಲ್ಲ ಪಡಸಾಲೆಯ ಕಂಬಕ್ಕೆ ಹೇಳುತ್ತಿದ್ದರು. ನನ್ನ ತಪ್ಪೇನೆಂದು ತಿಳಿಯದೆ ಅಡುಗೆಮನೆಯಲ್ಲಿ ಅಳುತ್ತಿದ್ದೆ.

ಒಂದು ದಿನ ಆಯಿ ಮಾತಿನ ನಡುವೆ ತಟ್ಟನೆ ನಿಲ್ಲಿಸಿದರು.

“ಏನವಾ, ಇದ್ದೀಯೋ, ಹೋದಿಯೋ?”

“ಕೇಳಾಕತ್ತೇನ್ರಿ ಆಯಿ.”

“ನನಗ ಹೆಂಗ ಗೊತ್ತಾಗಬೇಕು? ಬಾವ್ಯಾಗ ಕೊಡಾ ಬಿಟ್ರ ನೀರು ಮುಟ್ಟಿದ ಸಪ್ಪಳಾ ಬರಬೇಕೋ ಬ್ಯಾಡೋ? ಪಾಪ, ನಿಮ್ಮತ್ತಿ ಮೂರು ತಿಂಗಳಾತು ಹಗ್ಗಾ ಬಿಡಾಕತ್ತಾಳ!”

ಅಂದು ಸಂಜೆ ಅತ್ತೆ ಕಂಬಕ್ಕೆ ತಮ್ಮ ತವರಿನ ಎಮ್ಮೆಯ ಸುದ್ದಿ ಹೇಳುತ್ತಿದ್ದರು. ಎದೆ ಗಟ್ಟಿ ಮಾಡಿಕೊಂಡು ‘ಹೂಂ’ ಎಂದೆ. ಅವರು ನಿಲ್ಲಿಸಿ, ತಿರುಗಿ, ನನ್ನ ಮುಖ ನೋಡಿದರು. “ಮುಂದ ಆ ಎಮ್ಮಿ ಏನ ಮಾಡ್ತು ಅಂದ್ರ...” ಎಂದರು. ನನಗೇ ಹೇಳಿದರು.

ಆಮೇಲೆ ನಾನು ಆಯಿಯನ್ನೇ ಗಮನಿಸತೊಡಗಿದೆ. ಶಾಲೆಯ ಮೆಟ್ಟಿಲು ಹತ್ತದ ಆ ಹೆಂಗಸಿನ ಒಂದೇ ಅಕ್ಷರದಲ್ಲಿ ಎಷ್ಟೊಂದು ಇತ್ತು! ‘ಹೂಂ’ನ ಕೊನೆಗೆ ದನಿ ಸ್ವಲ್ಪ ಎತ್ತಿದರೆ, ಹೇಳುವವರು ಮುಚ್ಚಿಟ್ಟದ್ದನ್ನು ತಾವಾಗಿ ಬಿಚ್ಚುತ್ತಿದ್ದರು. ಎದುರಿನವರು ಅತ್ತಾಗ ಆಯಿ ಅದನ್ನು ಉಸಿರಿನೊಳಗೇ ಎಳೆದುಕೊಳ್ಳುತ್ತಿದ್ದರು. ಉಗರಗೋಳದಿಂದ ಬಂದ ಒಬ್ಬಾಕೆ, ಮಗಳನ್ನು ಕಳೆದುಕೊಂಡವಳು, ಮಧ್ಯಾಹ್ನವೆಲ್ಲ ಕುಳಿತು ಹೇಳಿಕೊಂಡಳು. ಆಯಿ ‘ಹೂಂ’ ಬಿಟ್ಟು ಒಂದು ಮಾತೂ ಆಡಲಿಲ್ಲ. ಹೊರಡುವಾಗ ಆಕೆ ಕೈಮುಗಿದು, “ಎಷ್ಟ ಛಲೋ ಮಾತ ಹೇಳಿದ್ರಿ ಆಯಿ” ಎಂದಳು.

ಆಯಿ ಹಾಸಿಗೆ ಹಿಡಿದಾಗ ದಿನಾ ಹೋಗಿ ಊರ ಸುದ್ದಿ ಹೇಳುತ್ತಿದ್ದೆ. ‘ಹೂಂ’ ಸಣ್ಣದಾಗುತ್ತ ಹೋಯಿತು. ಒಂದು ದಿನ ಮಾತಿನ ನಡುವೆ ಬರಬೇಕಾದದ್ದು ಬರಲಿಲ್ಲ... ನಾನು ಸುಮ್ಮನೆ ಹೇಳುತ್ತಲೇ ಇದ್ದೆ.

ಈಗ ಆ ಮನೆಯಲ್ಲಿ ಬೇರೆಯವರಿದ್ದಾರೆ. ಇವತ್ತು ಸಂಜೆ ಅಲ್ಲಿಯ ಹುಡುಗಿ ಬಟ್ಟೆ ತೆಗೆಯುತ್ತ ಗೋಡೆಯಾಚೆಯಿಂದ ನಕ್ಕಳು:

“ಅಕ್ಕಾರ, ಮುಂಜಾನಿ ಯಾರಿಗೆ ಹೂಂ ಅಂದ್ರಿ? ನಾ ಏನೂ ಅಂದಿದ್ದಿಲ್ಲಲ್ರಿ!”