ಅತಿಥಿಗಳಿಗಾಗಿ ತುಂಬಿದ ಕಾಲುವೆ

ಆ ಮುದುಕ ಆ ಮಾತನ್ನು ಹೇಳಿದ್ದು ನಾವು ನೀರು ಅಳೆಯುವ ಮೊದಲೋ, ಅಳೆದು ಮುಗಿಸಿದ ಮೇಲೋ ಎಂಬುದು ನನಗೆ ಬಹಳ ಕಾಲ ಖಚಿತವಿರಲಿಲ್ಲ. ಅಳೆದ ಮೇಲೆ ಎಂದೇ ನನ್ನ ನೆನಪು. ಜೊತೆಗಿದ್ದ ತಂತ್ರಜ್ಞ ಲಾರೆನ್ಸ್, ಮೊದಲೇ ಎನ್ನುತ್ತಿದ್ದ. ಅಳತೆಯನ್ನೇ ನಂಬಿ ಇಪ್ಪತ್ತು ವರ್ಷ ಸಂಬಳ ಪಡೆದವನು ನಾನು. ನನ್ನ ತಲೆಯೊಳಗಿನ ಲೆಕ್ಕವೇ ತಪ್ಪಿರಬಹುದು ಎಂದು ಒಪ್ಪುವುದು ಸುಲಭವಾಗಿರಲಿಲ್ಲ. ಆದ್ದರಿಂದ ಕಡತದಲ್ಲಿರುವುದು ಯಾವುದು, ಬರೀ ನೆನಪು ಯಾವುದು ಎಂಬುದನ್ನು ಆದಷ್ಟು ಬೇರೆ ಮಾಡಿ ಹೇಳುತ್ತೇನೆ.

ಕೊರೊನಾ ನಿರ್ಬಂಧಗಳು ಸಡಿಲವಾದ ಮೇಲಿನ ಮೊದಲ ಚಳಿಗಾಲ. ನಾನು ದುಬೈನ ಒಂದು ಸಲಹಾ ಸಂಸ್ಥೆಯಲ್ಲಿ ಜಲ ಇಂಜಿನಿಯರ್ ಆಗಿದ್ದೆ. ಪರದೇಶ ಪ್ರವಾಸ ಇನ್ನೂ ಕಷ್ಟವಿದ್ದುದರಿಂದ ಇಲ್ಲಿನ ಕುಟುಂಬಗಳು ವಾರಾಂತ್ಯದಲ್ಲಿ ಗುಡ್ಡಗಳ ಕಡೆ ಕಾರು ತಿರುಗಿಸತೊಡಗಿದ್ದವು. ನಗರದಿಂದ ಒಂದೂವರೆ ಗಂಟೆ ದಾರಿಯ ಒಂದು ಕಣಿವೆಯಲ್ಲಿ ಅಬುಧಾಬಿಯ ಒಂದು ಕಂಪನಿ ನಲವತ್ತು ಕಲ್ಲಿನ ಕ್ಯಾಬಿನ್‌ಗಳನ್ನು ಕಟ್ಟಲು ಹೊರಟಿತ್ತು. ಬೋಳು ಗುಡ್ಡಗಳ ನಡುವೆ ಇಪ್ಪತ್ತಾರು ಮನೆ, ಖರ್ಜೂರ ಮತ್ತು ನಿಂಬೆಯ ತೋಟ, ಇಷ್ಟೇ ಆ ಊರು. ಯೋಜನೆಯ ಪ್ರತಿ ಪುಟದಲ್ಲೂ ‘ಸುಸ್ಥಿರ’ ಎಂಬ ಪದವಿತ್ತು. ಅದು ನಿಜವೇ ಎಂದು ಹೇಳುವುದು ನನ್ನ ಕೆಲಸ. ಒಂದು ಜಾಗ ತನಗೆ ಹಾನಿಯಾಗದಂತೆ ಎಷ್ಟು ಜನರನ್ನು ತಾಳಿಕೊಳ್ಳಬಲ್ಲದು ಎಂಬ ಲೆಕ್ಕಕ್ಕೆ ನಮ್ಮಲ್ಲಿ ಕ್ಯಾರಿಯಿಂಗ್ ಕೆಪಾಸಿಟಿ ಎನ್ನುತ್ತಾರೆ. ಆ ಕಣಿವೆಯಲ್ಲಿ ಆ ಲೆಕ್ಕವೆಲ್ಲ ಒಂದು ಕಾಲುವೆಯ ಮೇಲೆ ನಿಂತಿತ್ತು.

ಅಂಥ ಕಾಲುವೆಗೆ ಫಲಜ್ ಎಂದು ಹೆಸರು. ಗುಡ್ಡದ ಬುಡದ ಒರತೆಯನ್ನು ಪಂಪಿಲ್ಲದೆ, ಇಳಿಜಾರಿನ ಬಲದಿಂದಲೇ ಊರಿಗೆ ತರುವ ಹಳೆಯ ವ್ಯವಸ್ಥೆ. ನೀರು ಮನೆಮನೆಗೆ ಸರದಿಯಲ್ಲಿ ಸಿಗುತ್ತದೆ. ಸರದಿ ಹಂಚುವ ಹಿರಿಯನನ್ನು ಅರೀಫ್ ಎನ್ನುತ್ತಾರೆ. ಆ ಊರಿನ ಅರೀಫ್‌ಗೆ ಎಲ್ಲರೂ ಅಬು ಸಯೀದ್ ಎನ್ನುತ್ತಿದ್ದರು. ಎಪ್ಪತ್ತು ದಾಟಿದವರು. ಮುಂಬೈ ವ್ಯಾಪಾರಿಗಳೊಂದಿಗೆ ಒಡನಾಡಿ ಕಲಿತ ಹಿಂದಿಯಲ್ಲಿ ನಮ್ಮೊಂದಿಗೆ ಮಾತಾಡುತ್ತಿದ್ದರು.

ನಾವು ಹೋದ ಬೆಳಿಗ್ಗೆ ಕಾಲುವೆ ಅಂಚಿನವರೆಗೆ ತುಂಬಿ ಹರಿಯುತ್ತಿತ್ತು. ಉಡುಪಿ ಕಡೆಯ ಲಾರೆನ್ಸ್ ಕಾರಿನಿಂದ ಇಳಿದವನೇ, “ಎಂತ ನೀರು ಸರ್, ಇದು ಮರುಭೂಮಿಯಾ? ನಮ್ಮ ಜೂನ್ ತಿಂಗಳ ತೋಡು ಇದ್ದ ಹಾಗೆ ಉಂಟು” ಎಂದ. ಕಾಫಿ ಕುಡಿಯದೆ ಕೆಲಸ ಶುರುಮಾಡಲು ಅಬು ಸಯೀದ್ ಬಿಡಲಿಲ್ಲ. ಚಾಪೆ ಹಾಸಿ ಖರ್ಜೂರ ಇಟ್ಟರು. ಲಾರೆನ್ಸ್ ತನ್ನ ಹೆಂಡತಿಗೆ ತೋರಿಸಲು ಫೋನಿನಲ್ಲಿ ಅದನ್ನೆಲ್ಲ ಚಿತ್ರೀಕರಿಸಿಕೊಂಡ. ಆಮೇಲೆ ಹರಿವಿನ ಮೀಟರನ್ನು ಮೂರು ಕಡೆ ಇಳಿಸಿ ಅಳೆದೆವು. ಸೆಕೆಂಡಿಗೆ ಇಪ್ಪತ್ತೊಂದು ಲೀಟರ್. ಒಂದೇ ದಿನದ ಅಳತೆ ಸಾಲದು ಎಂದು ಕಾಲೇಜಿನಲ್ಲೇ ಕಲಿತಿದ್ದೆ. ಆದರೆ ಗಡುವು ಹತ್ತಿರವಿತ್ತು, ಮೂರೂ ಅಳತೆಗಳು ಹೊಂದಿಕೊಂಡಿದ್ದವು. ನಲವತ್ತು ಕ್ಯಾಬಿನ್‌ಗಳಿಗೆ ಅಡ್ಡಿಯಿಲ್ಲ ಎಂದು ವರದಿ ಬರೆದೆ.

ಆ ದಿನ ಯಾವುದೋ ಹೊತ್ತಿನಲ್ಲಿ ಅಬು ಸಯೀದ್, “ಮೆಹಮಾನ್ ಬಂದಾಗ ಫಲಜ್ ಬಡವಾಗಿ ಕಾಣಬಾರದು. ಇವತ್ತಿನ ನೀರು ನಿಮ್ಮ ಗೌರವಕ್ಕೆ” ಎಂದಿದ್ದರು. ಮೆಹಮಾನ್ ಅಂದರೆ ಅತಿಥಿ. ಉಪಚಾರದ ಮಾತು ಎಂದುಕೊಂಡು ಬಿಟ್ಟಿದ್ದೆ.

ಹತ್ತು ದಿನದ ಮೇಲೆ, ಅಲ್ಲೇ ಮರೆತಿದ್ದ ಅಳತೆ ಕೋಲನ್ನು ತರಲು ಹೋದ ಲಾರೆನ್ಸ್ ಫೋನ್ ಮಾಡಿದ.

“ಸರ್, ನೀರು ಪಾದ ಮುಳುಗುವಷ್ಟೇ ಉಂಟು.”

“ಒರತೆ ಬತ್ತಿತಾ?”

“ಬತ್ತಿದ್ದಲ್ಲ ಮಾರಾಯ್ರೆ. ಯಾವಾಗಲೂ ಇಷ್ಟೇ ಅಂತೆ. ಅವತ್ತಿನದ್ದು ನಮಗೆ ಮಾಡಿದ ಸತ್ಕಾರ.”

ಮರುದಿನ ನಾನೇ ಹೋಗಿ ಅಳೆದೆ. ಎಂಟು ಲೀಟರ್. ಆಗ ತಿಳಿದದ್ದು ಇದು: ನಾವು ಬರುವ ಸುದ್ದಿ ಕೇಳಿ ಊರಿನ ಐದು ಮನೆಯವರು ತಮ್ಮ ಸರದಿ ಬಿಟ್ಟುಕೊಟ್ಟು, ಹಿಂದಿನ ದಿನದ ನೀರನ್ನೆಲ್ಲ ಮೇಲಿನ ತೊಟ್ಟಿಯಲ್ಲಿ ಕೂಡಿಟ್ಟಿದ್ದರು. ನಮ್ಮ ಕಾರು ತಿರುವಿನಲ್ಲಿ ಕಂಡಾಗ ತೊಟ್ಟಿಯ ಬಾಯಿ ತೆರೆದಿದ್ದರು. ದೊಡ್ಡವರು ಊರಿಗೆ ಬಂದಾಗ ಹಾಗೆ ಮಾಡುವುದು ಅಲ್ಲಿನ ರೂಢಿ. ಐದು ಮನೆಗಳಲ್ಲಿ ಅಬು ಸಯೀದರದೂ ಒಂದು. ಸರದಿ ತಪ್ಪಿದ ಅವರ ತೋಟದ ನಿಂಬೆ ಸಸಿಗಳ ಎಲೆ ಮುದುಡಿಕೊಂಡಿತ್ತು.

“ನಾವು ಅಳೆಯುವುದನ್ನು ನೋಡಿದಿರಲ್ಲ, ಆಗಲಾದರೂ ಹೇಳಬಾರದಿತ್ತೇ?” ಎಂದು ಕೇಳಿದೆ. ದನಿ ಸ್ವಲ್ಪ ಏರಿತ್ತು.

ಅವರು ನನ್ನನ್ನು ನೋಡದೆ ಸಸಿಯ ಬುಡದ ಮಣ್ಣನ್ನು ಕೆದಕುತ್ತ ಹೇಳಿದರು: “ಹೇಳಿದೆನಲ್ಲ. ಮತ್ತೆ ಮೆಹಮಾನ್ ತನಗೆ ಬಡಿಸಿದ್ದನ್ನು ತೂಕ ಹಾಕಿ ನೋಡುತ್ತಿದ್ದರೆ ನಾನು ಏನೆನ್ನಲಿ? ನಿಮ್ಮ ಊರಲ್ಲಿ ಏನೆನ್ನುತ್ತಾರೆ?”

ನಮ್ಮ ಮನೆಯಲ್ಲೂ ಬಂದವರ ಮುಂದೆ ಮೊದಲು ಬೆಲ್ಲ, ನೀರು ಇಡುತ್ತಿದ್ದರು. ಏಪ್ರಿಲಿನಲ್ಲಿ ಬಾವಿ ತಳ ಕಂಡಾಗಲೂ ಅಜ್ಜಿ ನೆಂಟರಿಗೆ ಚೊಂಬು ತುಂಬಿಸಿಯೇ ಕೊಡುತ್ತಿದ್ದರು. ಆ ಚೊಂಬನ್ನು ನೋಡಿ ಯಾರೂ ಬಾವಿಯ ಆಳವನ್ನು ಲೆಕ್ಕ ಹಾಕಿರಲಿಲ್ಲ.

ಎಂಟು ಲೀಟರಿನಲ್ಲಿ ನಲವತ್ತು ಕ್ಯಾಬಿನ್‌ಗಳು ನೀರೆಳೆದರೆ, ಕಾಲುವೆಯ ಕೊನೆಯಲ್ಲಿರುವ ತೋಟಗಳು ಎರಡು ಬೇಸಿಗೆಯನ್ನೂ ದಾಟಲಾರವು. ವರದಿ ಆಗಲೇ ಅಬುಧಾಬಿಗೆ ಹೋಗಿತ್ತು. ಅದನ್ನು ಮಂಡಿಸುವ ಸಭೆ ಮರುದಿನವೇ ಇತ್ತು.

ಅಬುಧಾಬಿಯ ಖಾಲಿದಿಯಾ ಬಡಾವಣೆಯ ಕಂಪನಿ ಕಚೇರಿಯಲ್ಲಿ ನಡೆದ ಆ ಸಭೆಯಲ್ಲಿ ಮೊದಲ ಐದು ನಿಮಿಷದಲ್ಲೇ ನನ್ನ ಸಂಖ್ಯೆ ತಪ್ಪು, ವರದಿ ಹಿಂತೆಗೆದುಕೊಳ್ಳುತ್ತೇನೆ ಎಂದೆ. ಕಂಪನಿಯ ಯೋಜನಾ ಮುಖ್ಯಸ್ಥರು ಶಾಂತವಾಗಿಯೇ ಕೇಳಿದರು: “ಊರಿನವರು ನಿಮ್ಮನ್ನು ಬೇಕೆಂದೇ ದಾರಿ ತಪ್ಪಿಸಿದರೇ? ಹಾಗಿದ್ದರೆ ಅವರು ಇನ್ನು ಮುಂದೆ ಹೇಳುವುದನ್ನೂ ನಂಬಬೇಕಿಲ್ಲ. ಎಂಟು ಲೀಟರೂ ಅವರ ಇನ್ನೊಂದು ಆಟ ಇರಬಹುದು. ಆ ಮುದುಕ ಅಳತೆಗೆ ಮೊದಲು ನಿಮಗೆ ತಿಳಿಸಿದ್ದನೇ, ಇಲ್ಲವೇ?”

ಪ್ರಶ್ನೆಯ ತೂಕ ನನಗೆ ಅರ್ಥವಾಯಿತು. ಇಲ್ಲ ಎಂದರೆ ತಪ್ಪು ಊರಿನದು. ಹೊಸ ಅಳತೆಗೆ ಬೆಲೆಯಿಲ್ಲ, ಹಳೆಯ ಸಂಖ್ಯೆಯ ಮೇಲೆಯೇ ಕೆಲಸ ಮುಂದುವರಿಯಬಹುದು. ಹೌದು ಎಂದರೆ ತಪ್ಪು ನನ್ನದು. ಎಚ್ಚರಿಕೆ ಕೇಳಿಯೂ ಕಿವಿಗೆ ಹಾಕಿಕೊಳ್ಳದ ಇಂಜಿನಿಯರ್ ನಾನಾಗುತ್ತೇನೆ. ಅಳೆದು, ಮೀಟರ್ ಒರೆಸಿ ಪೆಟ್ಟಿಗೆಗೆ ಹಾಕುವಾಗ ಅವರು ಅದನ್ನು ಹೇಳಿದ ಚಿತ್ರ ನನ್ನ ಕಣ್ಣಮುಂದೆ ಸ್ಪಷ್ಟವಾಗಿತ್ತು. ಪಕ್ಕದಲ್ಲಿದ್ದ ಲಾರೆನ್ಸ್ ನನ್ನ ಮುಖವನ್ನೇ ನೋಡುತ್ತಿದ್ದ.

“ಮೊದಲೇ ಹೇಳಿದ್ದರು. ನಾನು ಗಮನ ಕೊಡಲಿಲ್ಲ,” ಎಂದೆ.

ಸುಳ್ಳು ಹೇಳುತ್ತಿದ್ದೇನೆ ಎಂದುಕೊಂಡೇ ಅದನ್ನು ಹೇಳಿದೆ. ವಾಪಸು ಬರುವಾಗ ಲಾರೆನ್ಸ್‌ಗೆ ಹಾಗೆಂದೂ ಹೇಳಿದೆ. ಅವನು ಗಾಡಿ ಓಡಿಸುತ್ತ, “ಸುಳ್ಳು ಎಂತದು ಸರ್? ಅವರು ಹೇಳಿದ್ದು ಕಾಫಿ ಕುಡಿಯುವಾಗಲೇ. ನಿಮ್ಮ ಗಮನ ಖರ್ಜೂರದ ಮೇಲೆ ಇತ್ತು” ಎಂದು ನಕ್ಕ. ಸಮಾಧಾನಕ್ಕೆ ಹೇಳುತ್ತಿದ್ದಾನೆ ಎಂದುಕೊಂಡೆ.

ಮುಂದೆ ಒಂದು ವರ್ಷ ಬೇರೊಬ್ಬರು ಪ್ರತಿ ತಿಂಗಳೂ ಅಳೆದರು. ಬೇಸಿಗೆಯ ಕೊನೆಗೆ ಹರಿವು ಐದು ಲೀಟರಿಗೆ ಇಳಿದಿತ್ತಂತೆ. ಕೊನೆಗೆ ಕಟ್ಟಿದ್ದು ಒಂಬತ್ತು ಕ್ಯಾಬಿನ್. ಅವುಗಳ ನೀರು ಟ್ಯಾಂಕರಿನಲ್ಲಿ ಹೊರಗಿನಿಂದ ಬರುತ್ತದೆ, ಫಲಜ್ ತೋಟಗಳಿಗೇ ಉಳಿಯಿತು. ನನ್ನ ಕರಾರು ಆ ವರ್ಷ ನವೀಕರಣವಾಗಲಿಲ್ಲ. ಆರು ತಿಂಗಳು ದುಬೈನ ಸತ್ವಾ ಬಡಾವಣೆಯಲ್ಲಿ ನಾಲ್ಕಾರು ಜನ ಹಂಚಿಕೊಂಡ ಕೋಣೆಯೊಂದರಲ್ಲಿದ್ದು ಬೇರೆ ಕೆಲಸ ಹುಡುಕಿಕೊಂಡೆ. ನಡುವೆ ಒಮ್ಮೆ ಆ ಕಣಿವೆಯ ಊರಿಗೆ ಹೋದಾಗ ಅಬು ಸಯೀದ್ ಕಾಫಿ ಕೊಟ್ಟರು. ಕಾಲುವೆಯಲ್ಲಿ ಪಾದ ಮುಳುಗುವಷ್ಟೇ ನೀರಿತ್ತು. “ಈಗ ನೀವು ಮೆಹಮಾನ್ ಅಲ್ಲ” ಎಂದರು.

ಅಳೆಯುವ ಮೊದಲು, ನಾನು ಬರುತ್ತೇನೆಂದು ಇಲ್ಲಿ ಏನೇನು ಬದಲಾಗಿದೆ ಎಂದು ಕೇಳುವುದನ್ನು ಆ ಕಣಿವೆ ನನಗೆ ಕಲಿಸಿತು. ಈಗ ನನ್ನ ಅಳತೆ ಹಾಳೆಯ ಮೊದಲ ಸಾಲಿನಲ್ಲಿ ಆ ಪ್ರಶ್ನೆಯಿದೆ.

ಕಳೆದ ವರ್ಷ ಮೊಹಮ್ಮದ್ ಬಿನ್ ಜಾಯೆದ್ ಸಿಟಿಯಲ್ಲಿರುವ ಲಾರೆನ್ಸ್‌ನ ಮನೆಗೆ ಊಟಕ್ಕೆ ಹೋಗಿದ್ದೆ. ಹಳೆಯ ಫೋನಿನಲ್ಲಿ ಆ ಬೆಳಗಿನ ವಿಡಿಯೊ ಇನ್ನೂ ಇದೆಯೇ ಎಂದು ಕೇಳಿದೆ. ಇತ್ತು. ಫೋನಿನ ಗಡಿಯಾರವನ್ನು ನಂಬುವ ಅಗತ್ಯವೂ ಬೀಳಲಿಲ್ಲ. ಚಾಪೆಯ ಪಕ್ಕದಲ್ಲಿ ಮೀಟರಿನ ಪೆಟ್ಟಿಗೆ ಇದೆ. ಕಚೇರಿಯಲ್ಲಿ ಅಂಟಿಸಿದ ಹಳದಿ ಮೊಹರು ಇನ್ನೂ ಒಡೆದಿಲ್ಲ. ಅಬು ಸಯೀದ್ ಆ ಮಾತನ್ನು ಪೂರ್ತಿಯಾಗಿ, ನಿಧಾನವಾಗಿ ಹೇಳುತ್ತಾರೆ. ಎದುರಿಗೆ ಕುಳಿತ ನಾನು ತಲೆಯಾಡಿಸಿ, ಎರಡನೆಯ ಖರ್ಜೂರಕ್ಕೆ ಕೈ ಚಾಚುತ್ತೇನೆ.